ಎರಡು ಹೊಟ್ಟೆಯ ಗಾಡಿ

ಗಾಡಿ ಮಾರಿದ ದಿನ ಅದನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಕೊಳ್ಳುವವರು ಸಂಜೆ ಬರುತ್ತೇವೆ ಎಂದಿದ್ದರು. ಆರು ವರ್ಷ ನಮ್ಮ ಮನೆಯ ಮುಂದೆ ನಿಂತು ಬೀದಿಯ ಬೆಕ್ಕುಗಳಿಗೆಲ್ಲ ಮಂಚವಾಗಿದ್ದ ಗಾಡಿ ಅದು. ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿ ಅದರ ಬುಡದಲ್ಲಿ ಪೊರಕೆ ಆಡಿಸುತ್ತಿದ್ದಾಗ ಬೋಲ್ಟಿಗೆ ಸಿಕ್ಕಿಕೊಂಡಿದ್ದ ಒಂದು ಪ್ಲಾಸ್ಟಿಕ್ ಚೂರು ಕೈಗೆ ಬಂತು. ಅಂಗೈಯಗಲ ಇದ್ದೀತು. ಅದರ ಒಂದು ಅಂಚು ಯಾರೋ ಸಿಟ್ಟಿನಲ್ಲಿ ಸರ್ರನೆ ಸೀಳಿದಂತಿತ್ತು. ಯಾರೋ ಏನು, ನನಗೆ ಗೊತ್ತು. ಅದು ನಮ್ಮಕ್ಕನ ಕುಡುಗೋಲಿನ ಕೆಲಸ. ಪೊರಕೆಯನ್ನು ಪಕ್ಕಕ್ಕಿಟ್ಟು ಗಾಡಿಯ ಮೆಟ್ಟಿಲ ಮೇಲೆ ಕೂತೆ. ಕೂತವನು ಏಳಲು ತುಂಬ ಹೊತ್ತಾಯಿತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅಲ್ಲಿಯವರೆಗೆ ಸ್ಕೂಟರಿಗಿಂತ ದೊಡ್ಡದೇನನ್ನೂ ಓಡಿಸಿದವನಲ್ಲ. ಅಂಥವನು ಒಮ್ಮೆಗೇ ಜೀಪಿನ ಎತ್ತರ, ಕಾರಿನ ಮೆತ್ತನೆ ಎರಡೂ ಇದ್ದ ದೊಡ್ಡ ಗಾಡಿಯೊಂದನ್ನು ತಂದು ಬೀದಿಗೆ ನಿಲ್ಲಿಸಿದೆ. ಬರೀ ದೊಡ್ಡದಲ್ಲ, ಅದು ಎರಡು ಹೊಟ್ಟೆಯ ಗಾಡಿ. ಒಂದು ಹೊಟ್ಟೆಗೆ ಪೆಟ್ರೋಲು, ಇನ್ನೊಂದಕ್ಕೆ ಗ್ಯಾಸು. ಸ್ಟೇರಿಂಗಿನ ಪಕ್ಕದಲ್ಲಿ ಒಂದು ಗುಂಡಿ, ಅದರ ಮೇಲೆ ಎರಡು ಪುಟ್ಟ ದೀಪ. ಕೆಂಪು ಹತ್ತಿದರೆ ಪೆಟ್ರೋಲು, ಹಸಿರು ಹತ್ತಿದರೆ ಗ್ಯಾಸು. ಪೆಟ್ರೋಲಿನಲ್ಲಿ ಹೊರಟು, ಇಂಜಿನ್ ಬಿಸಿಯಾದ ಮೇಲೆ ಗುಂಡಿ ಒತ್ತಿದರೆ ಗಾಡಿ ಒಮ್ಮೆ ಸಣ್ಣಗೆ ಬಿಕ್ಕಳಿಸಿ ಗ್ಯಾಸಿಗೆ ಹೊರಳಿಕೊಳ್ಳುತ್ತಿತ್ತು. ಆ ಬಿಕ್ಕಳಿಕೆ ಕೇಳುವುದೇ ನನಗೊಂದು ಸುಖ. ಪಕ್ಕದಲ್ಲಿ ಕೂತವರಿಗೆ, ಈಗ ನೋಡಿ, ಈಗ ನೋಡಿ ಎಂದು ಮೊದಲೇ ಎಚ್ಚರಿಸುತ್ತಿದ್ದೆ. ಅವರು ಏನು ನೋಡಬೇಕೆಂದು ತಿಳಿಯದೆ ಕಿಟಕಿಯಾಚೆ ನೋಡುತ್ತಿದ್ದರು.

ಗ್ಯಾಸಿನ ಸಿಲಿಂಡರು ಡಿಕ್ಕಿಯ ಮುಕ್ಕಾಲು ಪಾಲನ್ನು ನುಂಗಿದ್ದರಿಂದ ಸಾಮಾನೆಲ್ಲ ಕೂತವರ ತೊಡೆಯ ಮೇಲೆ. ಗ್ಯಾಸ್ ತುಂಬುವ ಬಂಕು ನನಗೆ ಗೊತ್ತಿದ್ದದ್ದು ಚನ್ನರಾಯಪಟ್ಟಣದ ಹತ್ತಿರ ಒಂದೇ. ಪೆಟ್ರೋಲಿಗಿಂತ ಅಗ್ಗವೆಂದು ಗ್ಯಾಸ್ ತುಂಬಿಸಲು ಹಾಸನದಿಂದ ಅಲ್ಲಿಯವರೆಗೆ ಪೆಟ್ರೋಲ್ ಸುಟ್ಟುಕೊಂಡು ಹೋಗುತ್ತಿದ್ದೆ. ಲೆಕ್ಕದ ಮೇಷ್ಟ್ರಿಗೆ ಈ ಲೆಕ್ಕ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ನನ್ನ ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ ದಿನಾ ಕೇಳುತ್ತಿದ್ದರು. ನಮ್ಮತ್ತೆಯಂತೂ, ಮನೆಯಲ್ಲಿ ಒಲೆ ಆರಿದ ದಿನ ಗಾಡಿಯಿಂದ ಒಂದು ಪೈಪು ಎಳೆದುಕೊಳ್ಳಬಹುದಲ್ಲ ಎಂದು ಸಲಹೆ ಕೊಟ್ಟಿದ್ದರು.

ಗಾಡಿ ತಂದ ದಿನ ಬಸವನ ಗುಡಿಯ ಮುಂದೆ ಪೂಜೆ. ಹೂವಿನ ಹಾರ, ಕುಂಕುಮ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಅರ್ಚಕರು ಮಂಗಳಾರತಿ ಎತ್ತಿ, ಹೊರಡಿ ಎಂದರು. ನಾನು ಗೇರು ಹಾಕಿ ಕ್ಲಚ್ಚು ಬಿಟ್ಟೆ. ಗಾಡಿ ನಿಂಬೆಹಣ್ಣಿಗೆ ಹೆದರಿದಂತೆ ಹಿಂದಕ್ಕೆ ಹೋಯಿತು. ರಿವರ್ಸ್ ಬಿದ್ದಿತ್ತು. ಹಿಂದೆ ನಿಂತಿದ್ದ ಬಳಗವೆಲ್ಲ ಗುಡಿಯ ಜಗಲಿ ಹತ್ತಿತು. ಅರ್ಚಕರು ತಾಳ್ಮೆಯ ಮನುಷ್ಯರು. ನಿಂಬೆಹಣ್ಣುಗಳನ್ನು ಆರಿಸಿ ಮತ್ತೆ ಚಕ್ರಕ್ಕೆ ಒತ್ತಿಟ್ಟು, ತಾವೂ ಜಗಲಿ ಹತ್ತಿ ನಿಂತು, ಈಗ ಬಿಡಿ ಎಂದರು.

ಇಷ್ಟೆಲ್ಲ ಆದರೂ ಗಾಡಿಯ ಮೇಲಿನ ನನ್ನ ಪ್ರೀತಿ ಕಡಿಮೆಯಾಗಲಿಲ್ಲ. ನಮ್ಮ ಮನೆತನದಲ್ಲಿ ಹೊಸ ವಸ್ತುವನ್ನು ಬಳಸುವುದಕ್ಕಿಂತ ಹೊಸದಾಗಿಡುವುದು ದೊಡ್ಡ ವಿದ್ಯೆ. ನಮ್ಮಪ್ಪ ತನ್ನ ಕೊಡೆಯ ಹಿಡಿಗೆ ಅಂಗಡಿಯವನು ಸುತ್ತಿದ್ದ ಕಾಗದವನ್ನು ಕೊಡೆ ಹರಿಯುವವರೆಗೂ ಬಿಚ್ಚಲಿಲ್ಲ. ರೇಡಿಯೋಗೆ ನಮ್ಮವ್ವ ಅಂಗಿ ಹೊಲಿಸಿದ್ದಳು, ಅದರ ಮುಳ್ಳು ಎಲ್ಲಿದೆ ಎಂದು ಬಟ್ಟೆಯ ಮೇಲಿಂದಲೇ ಅಂದಾಜು ಮಾಡಬೇಕಿತ್ತು. ನಾನೂ ಕಡಿಮೆಯಿಲ್ಲ. ಟೀವಿ ರಿಮೋಟು ನಮ್ಮ ಮನೆಯಲ್ಲಿ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಗುಂಡಿಯ ಅಂಕಿಗಳು ಮಸುಕಾಗಿ ಕಂಡರೂ ಸರಿ. ಅಂಥ ವಂಶದವನು ಗಾಡಿಯ ಸೀಟುಗಳಿಗೆ ಕಂಪನಿಯವರು ಹೊದಿಸಿ ಕಳಿಸಿದ್ದ ದಪ್ಪ ಪ್ಲಾಸ್ಟಿಕ್ಕನ್ನು ತೆಗೆಯುತ್ತಾನೆಯೇ? ಶೋರೂಮಿನ ಹುಡುಗ ತೆಗೆಯಲು ಕೈ ಹಾಕಿದಾಗ, ಇರಲಿ ಬಿಡಪ್ಪ ಎಂದು ಅವನ ಕೈ ಹಿಡಿದೆ. ಕೂತಾಗ ಅದು ಪರಪರ ಎನ್ನುತ್ತಿತ್ತು, ಬಿಸಿಲಲ್ಲಿ ಅಂಗಿಗೆ ಅಂಟುತ್ತಿತ್ತು. ಅದರ ವಾಸನೆಯನ್ನು ನಾನು ಹೊಸ ಗಾಡಿಯ ವಾಸನೆ ಎಂದು ಎದೆ ತುಂಬ ಎಳೆದುಕೊಳ್ಳುತ್ತಿದ್ದೆ.

ನಾನು ಗಾಡಿ ಕೊಂಡದ್ದು ಶೋಕಿಗಲ್ಲ. ಹಾಗೆಂದರೆ ಹೆಂಡತಿ ನಗುತ್ತಾಳೆ, ಆದರೆ ಅರ್ಧಕ್ಕಿಂತ ಹೆಚ್ಚು ನಿಜ. ಕೊಂಡದ್ದು ನಮ್ಮಕ್ಕನಿಗಾಗಿ.

ನಮ್ಮಕ್ಕನಿಗೆ ಬಸ್ಸು ಆಗುತ್ತಿರಲಿಲ್ಲ. ನಮ್ಮ ಕಡೆ ಹೀಗೆಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮ ಊರು ಕಟ್ಟಾಯದ ಕಡೆ, ಸೋದರತ್ತೆಯ ಮನೆ ಹಳ್ಳಿಮೈಸೂರಿನಲ್ಲಿ. ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುವುದೆಂದರೆ ನನಗೆ ಹಬ್ಬ, ಅವಳಿಗೆ ಶಿಕ್ಷೆ. ಮೂಗಿಗೆ ನಿಂಬೆಹಣ್ಣು, ಬಾಯಿಗೆ ಹುಣಸೆ, ಲಂಗದೊಳಗೆ ಹೊಟ್ಟೆಗೆ ಒತ್ತಿ ಕಟ್ಟಿದ ಹಳೆ ಪೇಪರು, ಡ್ರೈವರ್ ಹಿಂದಿನ ಸೀಟು. ಇಷ್ಟು ಕೋಟೆ ಕಟ್ಟಿದರೂ ಹೊಳೆನರಸೀಪುರ ಬರುವಷ್ಟರಲ್ಲಿ ಕೋಟೆ ಬಿದ್ದಿರುತ್ತಿತ್ತು. ಒಮ್ಮೆ ಕಂಡಕ್ಟರನ ಚೀಲದ ಮೇಲೇ ಬಿತ್ತು. ಆತ ಆಮೇಲೆ ನಮ್ಮನ್ನು ಕಂಡರೆ ಮುಂದಿನ ಬಸ್ಸು ಖಾಲಿ ಇದೆ ಎನ್ನುತ್ತಿದ್ದ. ಬಸ್ಸಿಳಿದ ಕೂಡಲೇ ಅವ್ವ ಕುಕ್ಕೆಯಿಂದ ಒದ್ದೆ ಟವೆಲ್ಲು ತೆಗೆದು, ಅಕ್ಕನ ಕೂದಲನ್ನು ಹಿಂದಕ್ಕೆ ತಳ್ಳಿ, ಹಣೆಯಿಂದ ಕತ್ತಿನವರೆಗೆ ನಿಧಾನವಾಗಿ ಒರೆಸುತ್ತಿದ್ದಳು. ಒರೆಸುತ್ತ ಪ್ರತಿಸಲವೂ ಅದೇ ಮಾತು: "ಆಯ್ತು ಬುಡು ಮಗ, ಊರು ಬಂತಲ್ಲ." ಅಷ್ಟು ಹೇಳಿದರೆ ಅಕ್ಕನ ಮುಖಕ್ಕೆ ಜೀವ ಬರುತ್ತಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ನನಗೂ ಒಮ್ಮೆ ವಾಂತಿಯಾಗಬಾರದೇ ಎಂದು ಬಸ್ಸಿನಲ್ಲಿ ಹಿಂದುಮುಂದಾಗಿ ಕೂತು ನೋಡಿದ್ದುಂಟು, ಆಗಲಿಲ್ಲ.

ತೊಂಬತ್ತರ ಆಚೀಚೆ ಅವಳ ಮದುವೆಯಾಯಿತು. ಗಂಡನ ಮನೆ ಅರಕಲಗೂಡಿನಾಚೆ ಮಲ್ಲಿಪಟ್ಟಣದ ಹತ್ತಿರ. ದಿಬ್ಬಣದವರೆಲ್ಲ ಬಸ್ಸಿನಲ್ಲಿ ಹೋದರೆ ಮದುಮಗಳು ಪಾತ್ರೆ ಪಗಡದ ಜೊತೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೋದಳು. ಗಾಳಿಗೆ ಹಾರುವ ಸೆರಗು ಹಿಡಿದು, ಕೊಳದಪ್ಪಲೆಗೆ ಒರಗಿ ಕೂತವಳು ಒಂದಿಷ್ಟೂ ಬಾಡದೆ ಇಳಿದಳು. ಬಾವ ಅದಕ್ಕೇ ಆಮೇಲೆ ವರ್ಷ ವರ್ಷ ಗೌರಿಹಬ್ಬಕ್ಕೆ ಅವಳನ್ನು ಟ್ರ್ಯಾಕ್ಟರಿನಲ್ಲೋ ಬೈಕಿನಲ್ಲೋ ಕರೆತರುತ್ತಿದ್ದ. ಅವ್ವ ಎರಡು ಮೊರಗಳ ನಡುವೆ ಅಕ್ಕಿ, ಬೇಳೆ, ಬಳೆ, ಕನ್ನಡಿ, ಕುಪ್ಪಸದ ಬಟ್ಟೆಯಿಟ್ಟು, ಸೆರಗು ಹಿಡಿಸಿ ಮಗಳಿಗೆ ಬಾಗಿನ ಕೊಡುತ್ತಿದ್ದಳು. ಅದು ಅವರಿಬ್ಬರ ವರ್ಷದ ಲೆಕ್ಕ.

ಆಮೇಲೆ ಅಕ್ಕನಿಗೆ ಸೊಂಟದ ನೋವು ಹತ್ತಿತು. ಬೈಕೂ ಬೇಡ, ಟ್ರ್ಯಾಕ್ಟರೂ ಬೇಡ ಎಂದರು ಡಾಕ್ಟರು. ಅದೇ ವರ್ಷ ಹಾಸನದ ನಮ್ಮ ಮನೆಯಲ್ಲಿದ್ದ ಅವ್ವ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಒಬ್ಬಳು ಬರುವಂತಿಲ್ಲ, ಇನ್ನೊಬ್ಬಳು ಹೋಗುವಂತಿಲ್ಲ. ನಡುವೆ ಇದ್ದದ್ದು ಐವತ್ತು ಮೈಲಿಯೂ ಇಲ್ಲದ ದಾರಿ. ಎರಡು ಗೌರಿಹಬ್ಬಗಳಿಗೆ ಬಾಗಿನವನ್ನು ನಾನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಬಂದಾಗ ಅವ್ವ, ಸೆರಗು ಹಿಡಿದಳಾ, ಏನಂದಳು, ತೆಳ್ಳಗಾಗಿದಾಳಾ ಎಂದು ಕೇಳುತ್ತಿದ್ದಳು. ನಾನು ಹೇಳಿದ ಯಾವ ಉತ್ತರವೂ ಅವಳಿಗೆ ಸಾಲುತ್ತಿರಲಿಲ್ಲ. ತನ್ನ ಕೈಯಾರೆ ಇನ್ನೊಂದು ಸಲ ಕೊಡಬೇಕು ಎಂಬುದೊಂದೇ ಅವಳ ಆಸೆ, ಅದನ್ನು ದಿನಾ ಹೇಳದಿದ್ದರೂ ನನಗೆ ಕೇಳಿಸುತ್ತಿತ್ತು.

ಅಕ್ಕನನ್ನು ಕೆಡಿಸುವುದು ಡೀಸೆಲ್ ಪೆಟ್ರೋಲ್ ವಾಸನೆ ಎಂದು ಇಡೀ ಬಳಗ ತೀರ್ಮಾನಿಸಿತ್ತು. ಶೋರೂಮಿನವರು ಗ್ಯಾಸಿನ ಗಾಡಿಯಲ್ಲಿ ವಾಸನೆಯೇ ಇಲ್ಲ ಎಂದರು. ಎರಡು ಹೊಟ್ಟೆಯ ಗಾಡಿ ನಮ್ಮ ಮನೆಗೆ ಬಂದದ್ದು ಹೀಗೆ. ಎತ್ತರದ ಸೀಟು, ಕುಲುಕಾಟವಿಲ್ಲ, ಸೊಂಟಕ್ಕೂ ಒಳ್ಳೆಯದು. ಹಬ್ಬಕ್ಕೆ ಇನ್ನೂ ಮೂರು ವಾರವಿರುವಾಗ ಒಂದು ಭಾನುವಾರ, ಒಂದು ಸಲ ನೋಡಿಬಿಡೋಣ ಎಂದು ಮಲ್ಲಿಪಟ್ಟಣಕ್ಕೆ ಹೋದೆ. ಅಕ್ಕ ಹೊಸ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕೂತಳು, ಬಾವ ಮುಂದೆ. ಧೂಳು ಬರದಂತೆ ನಾನು ಕಿಟಕಿಗಳನ್ನೆಲ್ಲ ಏರಿಸಿದೆ. ಊರು ದಾಟಿದ ಮೇಲೆ ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಈಗ ಗ್ಯಾಸಿನಲ್ಲಿದ್ದೀವಿ ಎಂದು ಹೆಮ್ಮೆಯಿಂದ ಹಿಂದಕ್ಕೆ ಹೇಳಿದೆ.

ಅರಕಲಗೂಡು ಇನ್ನೂ ದೂರವಿತ್ತು, ಅಕ್ಕ ನನ್ನ ಭುಜ ಹಿಡಿದು ಅಲುಗಿಸಿದಳು. ನಿಲ್ಲಿಸುವಷ್ಟರಲ್ಲಿ ಬಾಗಿಲು ತೆಗೆದುಕೊಂಡು ಹೊಂಗೆಮರದ ಬುಡಕ್ಕೆ ಓಡಿದ್ದಳು. ಅರ್ಧ ಗಂಟೆ ಅಲ್ಲೇ ಕೂತಳು. ಮುಖ ಬಿಳಿಚಿಕೊಂಡಿತ್ತು. ಮತ್ತೆ ಗಾಡಿ ಹತ್ತಲು ಒಪ್ಪಲಿಲ್ಲ. ಬೇಡಿಕೊಂಡೆ, ನಿಧಾನ ಬಿಡುತ್ತೇನೆ ಎಂದೆ. ಅವಳು ನನ್ನ ಕಡೆ ನೋಡದೆ ಹೇಳಿದಳು: "ನನ್ ಅಣೆಬರ ಇಷ್ಟೇ ಕಣ್ಲಾ. ಅವ್ವನ್ಗೆ ಏಳು, ಇನ್ ಕಾಯ್ಬ್ಯಾಡ ಅಂತ."

ಆ ದಾರಿಯಲ್ಲಿ ಹಾಲಿನ ಕ್ಯಾನುಗಳ ಟೆಂಪೋ ಒಂದು ಬಂತು, ಹಿಂಭಾಗಕ್ಕೆ ಚಾವಣಿಯಿಲ್ಲ. ಅದರಲ್ಲಿ ಕ್ಯಾನುಗಳ ನಡುವೆ ಗಂಡ ಹೆಂಡತಿ ತಮ್ಮೂರಿಗೆ ವಾಪಸ್ ಹೊರಟರು. ನಾನು ಹೊಸ ಗಾಡಿಯಲ್ಲಿ ಒಬ್ಬನೇ ಅವರ ಹಿಂದೆ. ಪ್ರತಿ ಹಳ್ಳಕ್ಕೂ ಅಕ್ಕ ಸೊಂಟ ಹಿಡಿದುಕೊಳ್ಳುವುದು ನನ್ನ ಮುಂದಿನ ಗಾಜಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಗಾಡಿ ಮಾತ್ರ ಹಸಿರು ದೀಪ ಉರಿಸಿಕೊಂಡು ಆರಾಮಾಗಿ ಓಡುತ್ತಿತ್ತು.

ಗ್ಯಾಸು ಸೋರುತ್ತಿರಬೇಕು ಎಂದು ನನಗೆ ಅನುಮಾನ. ಹೊಳೆನರಸೀಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿತ್ತು, ಅಲ್ಲಿಗೆ ಒಯ್ದೆ. ಅವನು ಪೈಪಿನ ಒಂದೊಂದು ಜಾಯಿಂಟಿಗೂ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೋ ಎಂದು ನೋಡಿದ. ಆಮೇಲೆ ಬಾಗಿಲು ಹಾಕಿಕೊಂಡು ಒಳಗೆ ಹತ್ತು ನಿಮಿಷ ಕೂತ. ಈಚೆ ಬಂದವನು ಹಣೆ ಉಜ್ಜಿಕೊಳ್ಳುತ್ತಿದ್ದ. "ಎಲ್ಲೂ ಲೀಕಿಲ್ಲ ಸಾ. ಗಾಡಿ ಚಿನ್ನ ಇದ್ದಂಗದೆ" ಎಂದ. ತಲೆನೋವೇನಪ್ಪ ಎಂದು ಕೇಳಿದೆ. ಬಿಸಿಲು ಸಾ ಎಂದ. ನಾನೂ ಹೌದು ಬಿಸಿಲು ಎಂದೆ. ಗುರುಶಿಷ್ಯರಿಬ್ಬರ ಬುದ್ಧಿಯೂ ಅಷ್ಟಕ್ಕೇ ನಿಂತಿತು.

ಗೌರಿಹಬ್ಬದ ಹಿಂದಿನ ದಿನ ಅವ್ವ ಕುರ್ಚಿಯ ಮೇಲೆ ಕೂತೇ ಮೊರಗಳನ್ನು ತುಂಬಿದಳು. ಹೆಂಡತಿ ಒಂದೊಂದನ್ನೇ ಕೈಗೆ ಕೊಟ್ಟಳು. ಬಳೆಗಳನ್ನು ಅವ್ವ ಎರಡು ಸಲ ತೆಗೆದು ಎರಡು ಸಲ ಇಟ್ಟಳು. ಮೇಲಿನ ಮೊರ ಮುಚ್ಚಿ ನನ್ನ ಕಡೆ ಸರಿಸಿ, "ನನ್ ಕೈಲಿ ಕೊಡಾ ಯೋಗ ಇಲ್ಲ. ಓಗ್ಲಿ, ನೀನೇ ಕೊಟ್ ಬಾ" ಎಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಕ್ಕನ ಅಂಗಳಕ್ಕೆ ಹೋಗುವಷ್ಟರಲ್ಲಿ ನಡುಹಗಲು. ಮಳೆ ಬಿಟ್ಟ ಮೇಲಿನ ಚುರುಕು ಬಿಸಿಲು. ಗಾಡಿಯನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋಗಿ ನೀರು ಕುಡಿದು, ಬಾವನ ಜೊತೆ ಮಾತಾಡಿ ಬರುವುದರೊಳಗೆ ಗಾಡಿ ಕಾದು ಹೆಂಚಾಗಿತ್ತು. ಮೊರ ತೆಗೆದುಕೊಳ್ಳಲು ಅಕ್ಕ ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದಳು. ಬಗ್ಗಿದವಳು ತಟ್ಟನೆ ಸೆರಗನ್ನು ಮೂಗಿಗೆ ಒತ್ತಿ ಹಿಂದೆ ಸರಿದಳು. ಸ್ವಲ್ಪ ಹೊತ್ತು ನಿಂತು ಮತ್ತೆ ಬಗ್ಗಿ, ಈ ಸಲ ಬೇಕೆಂದೇ ಮೂಸಿದಳು. ಸೀಟಿನ ಮೇಲೆ ಬೆರಳಾಡಿಸಿ ಬೆರಳನ್ನೂ ಮೂಸಿದಳು. ಇಂಜಿನ್ ಆಫ್ ಆಗಿ ಗಂಟೆಯಾಗಿತ್ತು. ಪೆಟ್ರೋಲಿನ ವಾಸನೆಯೂ ಇಲ್ಲ, ಗ್ಯಾಸಿನದೂ ಇಲ್ಲ.

"ಒಸ ಟಾರ್ಪಾಲು ಬಿಸ್ಲಲ್ಲಿ ಕಾದ್ರೆ ಇಂಗೇ ನಾತ ಬತ್ತದೆ" ಎಂದಳು. "ಅವತ್ತು ನನ್ನ ಕೆಡಿಸಿದ್ದು ಇದೇ ಕಣ್ಲಾ. ಇದ್ನ ಯಾಕೆ ಬುಟ್ಟಿದ್ದೀಯ?"

ಹೊಸ ಗಾಡಿಯಲ್ಲವೇ, ಸೀಟು ಕೊಳೆಯಾಗಬಾರದು ಎಂದೆ.

ಅಕ್ಕ ನನ್ನನ್ನು ಒಂದು ಗಳಿಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯದೆ ಒಳಗೆ ಹೋಗಿ ಕುಡುಗೋಲು ತಂದಳು. ಆ ಗಳಿಗೆಯ ನಿಜ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚುಮರೆ ಏನು. ಕುಡುಗೋಲು ಕಂಡಾಗ ನನ್ನ ಎದೆ ಹೊಡೆದುಕೊಂಡದ್ದು ಅಕ್ಕನಿಗಾಗಿ ಅಲ್ಲ, ಸೀಟಿಗಾಗಿ. ಇರು, ಹಿಂದುಗಡೆ ಗಂಟಿದೆ, ನಾನೇ ನಿಧಾನಕ್ಕೆ ಬಿಚ್ಚುತ್ತೇನೆ, ನಿನ್ನನ್ನು ವಾಪಸ್ ಬಿಟ್ಟ ಮೇಲೆ ಮತ್ತೆ ಹಾಕಿಕೊಳ್ಳಬಹುದು ಎಂದು ಬಾಯಿಬಿಟ್ಟೇ ಹೇಳಿದೆ. ಬಾವ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಕ್ಕನಿಗೆ ನಗು ಬರಲಿಲ್ಲ.

"ಮೂರ್ ವರ್ಸ ಆಯ್ತು ಅವ್ವನ್ ಮುಖ ನೋಡಿ" ಎಂದಳು. "ನೀನು ಇದ್ನ ಜ್ವಾಪಾನ ಮಾಡ್ತಿದ್ದೀಯ."

ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ಕಣ್ಣು ತುಂಬಿ ಬಂದಿತ್ತು, ನಾಚಿಕೆಗೆ. ಅವಳು ರಾಗಿ ಕೊಯ್ಯುವ ಹದದಲ್ಲೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸರ್ರನೆ ಎಳೆದಳು. ಪ್ಲಾಸ್ಟಿಕ್ಕು ಸೀಳಿತು, ಸೀಟಿಗೆ ಒಂದು ಗೀರೂ ಆಗಲಿಲ್ಲ. ಹಿಂದಿನದಾಯಿತು, ಮುಂದಿನದಾಯಿತು. ಸುಲಿದದ್ದನ್ನೆಲ್ಲ ಅಂಗಳಕ್ಕೆ ಎಸೆದು, ಒದ್ದೆ ಬಟ್ಟೆಯಿಂದ ಸೀಟು ಒರೆಸಿ, ನಾಲ್ಕೂ ಬಾಗಿಲು ತೆಗೆದಿಟ್ಟಳು. ಬಾವ ಮೊರದ ಬಾಗಿನ ಇಳಿಸಲು ಹೋದ. ಅಕ್ಕ ತಡೆದಳು. ಅದು ಅಲ್ಲೇ ಇರಲಿ, ತಾನು ಅವ್ವನ ಕೈಯಿಂದಲೇ ತೆಗೆದುಕೊಳ್ಳುವುದು ಎಂದು, ಸೀರೆ ಬದಲಿಸಲು ಒಳಗೆ ಹೋದಳು.

ಹೊರಟಾಗ ಅಕ್ಕ ಮುಂದಿನ ಸೀಟಿನಲ್ಲಿ, ಬಾವ ಹಿಂದೆ ಮೊರ ತಬ್ಬಿಕೊಂಡು. ಕಿಟಕಿಗಳೆಲ್ಲ ಕೆಳಗೆ. ಅಕ್ಕನ ಮುಷ್ಟಿಯಲ್ಲಿ ನಿಂಬೆಹಣ್ಣು. ನಾನು ರಸ್ತೆಗಿಂತ ಹೆಚ್ಚಾಗಿ ಅವಳ ಮುಖ ನೋಡುತ್ತಿದ್ದೆ, ಮುಂದೆ ನೋಡಿ ಬಿಡು ಎಂದು ಬಾವನಿಂದ ಗದರಿಸಿಕೊಂಡೆ. ಹೊಂಗೆಮರ ಬಂತು, ಹಿಂದೆ ಹೋಯಿತು. ಅರಕಲಗೂಡು ಬಂತು. ಅಲ್ಲಿ ನಿಲ್ಲಿಸಿ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಅಕ್ಕ ಬರುತ್ತಿದ್ದಾಳೆ ಎಂದರೆ ಹೆಂಡತಿ ನಂಬದೆ ಎರಡು ಸಲ ಕೇಳಿದಳು. ತಿರುಗಿ ಬಂದು ನೋಡಿದರೆ ಅಕ್ಕ ಕಿಟಕಿಯಿಂದ ಕೈ ಚಾಚಿ ಬೇಯಿಸಿದ ಕಡಲೆಕಾಯಿ ಕೊಳ್ಳುತ್ತಿದ್ದಳು.

ನಮ್ಮಕ್ಕ ಗಾಡಿಯಲ್ಲಿ ಕೂತು ಏನನ್ನಾದರೂ ತಿಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳು ಒಂದೊಂದೇ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ನಿಂಬೆಹಣ್ಣು ಮಡಿಲಿಗೆ ಬಿದ್ದಿತ್ತು, ಒದ್ದೆ ಸಿಪ್ಪೆ ಹೊಸ ಸೀಟಿನ ಮೇಲೆ ಬೀಳುತ್ತಿತ್ತು. ಬೀಳಲಿ ಎನಿಸಿತು. ಎದೆಯ ಮೇಲಿಂದ ಒಂದು ಮೂಟೆ ಇಳಿದಷ್ಟು ಹಗುರವಾಯಿತು. ಕಟ್ಟಾಯದ ಕಡೆ ತಿರುಗುವ ದಾರಿ ಬಂದಾಗ ಅವಳಿಗೆ ಮಾತು ಬಂತು. ಹಳ್ಳಿಮೈಸೂರಿನ ಬಸ್ಸು, ಕಂಡಕ್ಟರನ ಚೀಲ ಎಲ್ಲವನ್ನೂ ತೆಗೆದು ಬಾವನಿಗೆ ಹೇಳಿ ನಕ್ಕಳು. ಗಾಡಿ ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ, ಅದು ಎಂಥ ಒಳ್ಳೆಯ ಗಾಡಿ ಎಂದು ನನಗೆ ಗೊತ್ತಾದದ್ದೇ ಅವತ್ತು.

ಹಾಸನದ ನಮ್ಮ ಮನೆಯ ಮುಂದೆ ನಿಲ್ಲಿಸಿದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಅವ್ವನ ಕುರ್ಚಿಯನ್ನು ಬಾಗಿಲಿಗೇ ತಂದಿಟ್ಟಿದ್ದಳು. ಫೋನ್ ಬಂದಾಗಿನಿಂದ ಅವ್ವ ಅಲ್ಲೇ ಕೂತಿದ್ದಳಂತೆ. ಕಾಲ ಬಳಿ ಒಂದು ಬಕೆಟ್ಟು ನೀರು, ಮೊಣಕಾಲ ಮೇಲೆ ಒದ್ದೆ ಟವೆಲ್ಲು. ಇಷ್ಟು ಹೊತ್ತೂ ಅದನ್ನು ಒಣಗಲು ಬಿಡದೆ ಅದ್ದಿ ಹಿಂಡಿ ಅದ್ದಿ ಹಿಂಡಿ ಇಟ್ಟುಕೊಂಡಿದ್ದಾಳೆ.

ಅಕ್ಕ ಇಳಿದು ನಡೆದು ಹೋದಳು. ಮುಖ ಬಾಡಿರಲಿಲ್ಲ, ತುಟಿಯ ಬದಿಯಲ್ಲಿ ಕಡಲೆಕಾಯಿಯ ಉಪ್ಪು ಬಿಟ್ಟರೆ ಒರೆಸುವಂಥದ್ದು ಏನೂ ಇರಲಿಲ್ಲ. ಅವ್ವ ಟವೆಲ್ಲು ಹಿಡಿದುಕೊಂಡು, ಏನು ಮಾಡಬೇಕೆಂದು ತೋಚದೆ ಮಗಳನ್ನೇ ನೋಡಿದಳು. ಅಕ್ಕ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಅವಳ ಮುಂದೆ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಮುಖ ಮುಂದಕ್ಕೆ ಒಡ್ಡಿದಳು.

ಅವ್ವ ಅವಳ ಕೂದಲನ್ನು ಹಿಂದಕ್ಕೆ ತಳ್ಳಿ, ಹಣೆಯಿಂದ ಕತ್ತಿನವರೆಗೆ ಒರೆಸಿದಳು. "ಆಯ್ತು ಬುಡು ಮಗ" ಎಂದಳು, "ಊರು ಬಂತಲ್ಲ."

ನಾನು ಗಾಡಿಯ ಪಕ್ಕದಲ್ಲೇ ನಿಂತಿದ್ದೆ. ಇಂಜಿನ್ ಆರಿಸಲು ಮರೆತಿದ್ದೆ. ಅದು ಪೆಟ್ರೋಲಿನಲ್ಲಿತ್ತೋ ಗ್ಯಾಸಿನಲ್ಲಿತ್ತೋ, ನೋಡಲಿಲ್ಲ.